ಅದೃಷ್ಟ ನಮ್ಮದು, ಬೆಲೆ ಯಾರದು?

ಮನೆಯಿಂದ ಹೊರಡುವ ಹೊತ್ತು. ಚಪ್ಪಲಿ ಮೆಟ್ಟಿಯಾಗಿದೆ. ಒಳಗೆ ಯಾರೋ ಸೀನುತ್ತಾರೆ. ಅದೂ ಒಂಟಿ ಸೀನು. ಹಿರಿಯರು ತಡೆಯುತ್ತಾರೆ. "ಒಂದು ಗಳಿಗೆ ಕೂತು, ನೀರು ಕುಡಿದು ಹೋಗು" ಎನ್ನುತ್ತಾರೆ. ನಾವು ಕೂರುತ್ತೇವೆ, ನೀರು ಕುಡಿಯುತ್ತೇವೆ, ಹೊರಡುತ್ತೇವೆ.

ಇಂಥ ನಂಬಿಕೆಗಳು ನಮ್ಮ ದಿನದ ಉದ್ದಕ್ಕೂ ಹಬ್ಬಿಕೊಂಡಿವೆ. ಬೆಕ್ಕು ಅಡ್ಡ ಬಂದರೆ ನಿಲ್ಲಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಗಂಡಸಿಗೆ ಬಲಗಣ್ಣು ಅದುರಿದರೆ ಒಳ್ಳೆಯದು, ಹೆಂಗಸಿಗೆ ಎಡಗಣ್ಣು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತೇವೆ. ಅದೇ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುತ್ತೇವೆ. ತಲೆಗೆ ಬಿದ್ದರೆ ಏನು ಫಲ, ಭುಜಕ್ಕೆ ಬಿದ್ದರೆ ಏನು ಫಲ ಎಂದು ಅದರಲ್ಲಿ ಒಂದು ಪಟ್ಟಿಯೇ ಇರುತ್ತದೆ. ನೆನೆಸಿದ ಕೆಲಸ ಕೈಗೂಡಿದವನಿಗೆ "ನರಿ ಮುಖ ನೋಡಿ ಎದ್ದಿದ್ದೆಯಾ" ಎನ್ನುತ್ತೇವೆ.

ರಾಹುಕಾಲವಂತೂ ಗೋಡೆಯ ಕ್ಯಾಲೆಂಡರಿನಲ್ಲೇ ಅಚ್ಚಾಗಿ ಬರುತ್ತದೆ. ಅದರ ಲೆಕ್ಕ ಸರಳ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಹನ್ನೆರಡು ಗಂಟೆ. ಅದನ್ನು ಎಂಟು ಪಾಲು ಮಾಡಿ. ಒಂದೊಂದು ಪಾಲು ಒಂದೂವರೆ ಗಂಟೆ. ದಿನಕ್ಕೆ ಒಂದು ಪಾಲು ರಾಹುವಿನದು. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಹೀಗೆ ವಾರಕ್ಕೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಶುಭಕಾರ್ಯಕ್ಕೆ ಬೇಡವಾಗುತ್ತದೆ. ಆ ಹೊತ್ತಿನಲ್ಲೂ ಆಸ್ಪತ್ರೆಗಳಲ್ಲಿ ಮಕ್ಕಳು ಹುಟ್ಟುತ್ತಾರೆ, ಬಸ್ಸುಗಳು ಹೊರಡುತ್ತವೆ, ಗದ್ದೆಗೆ ನೀರು ಹರಿಯುತ್ತದೆ.

ಇವುಗಳ ಮೇಲೆ ನನಗೆ ಜಗಳವಿಲ್ಲ. ಸೀನಿಗೆ ಒಂದು ಲೋಟ ನೀರು ಕುಡಿದರೆ ಯಾರ ಗಂಟೂ ಹೋಗುವುದಿಲ್ಲ. ಬೆಕ್ಕಿಗಾಗಿ ಎರಡು ನಿಮಿಷ ನಿಂತರೆ ನಮ್ಮ ಎರಡು ನಿಮಿಷ ಮಾತ್ರ ಹೋಗುತ್ತದೆ. ಆ ಬೆಲೆಯನ್ನು ನಾವೇ ತೆತ್ತಿದ್ದೇವೆ. ನನ್ನ ಪ್ರಶ್ನೆ ಇರುವುದು ಇನ್ನೊಂದು ಬಗೆಯ ನಂಬಿಕೆಗಳ ಬಗ್ಗೆ. ಅಲ್ಲಿ ಅದೃಷ್ಟ ಬೇಕಾಗಿರುವುದು ನಮಗೆ, ಬೆಲೆ ತೆರುವುದು ಬೇರೆಯವರು. ಈ ಹೊತ್ತಿನ ಮಾತು ಅಷ್ಟರ ಬಗ್ಗೆಯೇ.

ಮೊದಲು ಒಂದು ಮೂಕಪ್ರಾಣಿ.

ಬಯಲುಸೀಮೆಯ ಕೇಳುಗರಿಗೆ ಇರುತಲೆ ಹಾವು ಗೊತ್ತಿರುತ್ತದೆ. ಕೆಲವರು ಮಣ್ಣುಮುಕ್ಕ ಎನ್ನುತ್ತಾರೆ. ನೋಡದವರು ಹೀಗೆ ಊಹಿಸಿಕೊಳ್ಳಿ. ಕೆಂಪು ಮಿಶ್ರಿತ ಕಂದು ಬಣ್ಣ. ಮೋಟು, ದಪ್ಪ ಮೈ. ಬಾಲ ಚೂಪಾಗಿಲ್ಲ, ತಲೆಯ ಹಾಗೆಯೇ ಮೊಂಡಾಗಿದೆ. ಹೆದರಿದರೆ ಅದು ಸುರುಳಿ ಸುತ್ತಿ, ತಲೆಯನ್ನು ಮೈಯ ಕೆಳಗೆ ಅಡಗಿಸಿ, ಬಾಲವನ್ನು ಮೇಲೆತ್ತುತ್ತದೆ. ಶತ್ರು ಬಾಲವನ್ನೇ ತಲೆ ಎಂದು ತಿಳಿಯಲಿ ಎಂಬ ಉಪಾಯ. ಎರಡು ತಲೆ ಎಂಬ ಕತೆ ಹುಟ್ಟಿದ್ದು ಹೀಗೆ. ಇದಕ್ಕೆ ವಿಷವಿಲ್ಲ. ಸಡಿಲ ಮಣ್ಣಿನೊಳಗೆ ಇದ್ದುಕೊಂಡು ಇಲಿ ಹಿಡಿದು ತಿನ್ನುತ್ತದೆ. ರೈತನಿಗೆ ಇದರಿಂದ ಉಪಕಾರವೇ ಹೊರತು ಅಪಕಾರವಿಲ್ಲ.

ಈ ಹಾವನ್ನು ಮನೆಯಲ್ಲಿ ಇಟ್ಟುಕೊಂಡರೆ ಸಂಪತ್ತು ಬರುತ್ತದೆ, ನಿಧಿ ಸಿಗುತ್ತದೆ ಎಂದು ಯಾರೋ ಹಬ್ಬಿಸಿದರು. ತೂಕ ಹೆಚ್ಚಾದಷ್ಟೂ ಅದೃಷ್ಟ ಹೆಚ್ಚು ಎಂದರು. ಲಕ್ಷ, ಕೋಟಿಗಳ ಮಾತಾಡಿದರು. ಹೊಲದಲ್ಲಿ ಇಲಿ ಹಿಡಿದುಕೊಂಡಿದ್ದ ಹಾವು ಗೋಣಿಚೀಲ ಸೇರಿತು. ಮಾರುವವನೂ ಕೊಳ್ಳುವವನೂ ಸಿಕ್ಕಿಬಿದ್ದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಾವನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ನಿಧಿ ಸಿಕ್ಕಿ ಉದ್ಧಾರವಾದವನು ಎಲ್ಲಿದ್ದಾನೆ? ಸಾಲ ಮಾಡಿ ಹಾವು ಕೊಂಡು ಮೋಸಹೋದವರು, ಕೋರ್ಟಿಗೆ ಅಲೆಯುವವರು ಇದ್ದಾರೆ. ಪ್ರಾಣ ಕಳೆದುಕೊಳ್ಳುವುದು ಮಾತ್ರ ಹಾವು.

ಪ್ರಾಣಿಯ ವಿಷಯವಾಯಿತು. ಯಾರದೋ ಸಂಪತ್ತಿನ ಆಸೆಗೆ ಬೆಲೆ ತೆತ್ತದ್ದು ಒಂದು ಬಡಪಾಯಿ ಹಾವು. ಇನ್ನು ಒಂದು ಊರಿನ ವಿಷಯ. ಊರಿಗೂ ಅಪಶಕುನ ಅಂಟಿಸಬಹುದು ಎಂದು ತೋರಿಸಿಕೊಟ್ಟವರು ನಾವು ಕನ್ನಡಿಗರೇ.

ಚಾಮರಾಜನಗರ. ಹಳೆಯ ಹೆಸರು ಅರಿಕುಠಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು ಅದಕ್ಕೆ ತಂದೆಯ ಹೆಸರನ್ನೇ ಇಟ್ಟರು, ಚಾಮರಾಜೇಶ್ವರನ ದೊಡ್ಡ ಗುಡಿ ಕಟ್ಟಿಸಿದರು. ಒಬ್ಬ ಮಗ ತಂದೆಯ ಮೇಲಿನ ಪ್ರೀತಿಗೆ ಬೆಳೆಸಿದ ಊರು ಅದು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದೇ ಊರಿನ ಬಗ್ಗೆ ಒಂದು ಮಾತು ಹುಟ್ಟಿತು. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು.

ಅದಕ್ಕೆ ಒಂದು ಪಟ್ಟಿಯನ್ನೂ ಹೇಳುತ್ತಾರೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಪಟ್ಟಿ ಕೇಳಿದರೆ ಎದೆ ಝಲ್ಲೆನ್ನಬಹುದು. ಆದರೆ ಒಬ್ಬೊಬ್ಬರನ್ನೇ ತೆಗೆದುಕೊಳ್ಳೋಣ. ಅರಸು ಅಧಿಕಾರ ಬಿಟ್ಟದ್ದು ಇಂದಿರಾ ಗಾಂಧಿಯವರೊಡನೆ ಮುರಿದುಕೊಂಡು, ಪಕ್ಷ ಒಡೆದ ಮೇಲೆ. ಗುಂಡೂರಾವ್ ಅವರ ಪಕ್ಷ 1983ರ ಚುನಾವಣೆಯಲ್ಲಿ ಸೋತಿತು. ಹೆಗಡೆಯವರು ರಾಜೀನಾಮೆ ಕೊಟ್ಟದ್ದು 1988ರಲ್ಲಿ, ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿತು. ಅದರ ವಿರುದ್ಧದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ ದೇಶಕ್ಕೇ ದಾರಿ ತೋರಿಸಿದ ತೀರ್ಪಾಯಿತು. ವೀರೇಂದ್ರ ಪಾಟೀಲರನ್ನು 1990ರಲ್ಲಿ, ಅವರು ಕಾಯಿಲೆ ಬಿದ್ದಿದ್ದಾಗ, ಅವರ ಹೈಕಮಾಂಡೇ ಇಳಿಸಿತು. ಐದೂ ಕಾರಣಗಳು ಬೇರೆ ಬೇರೆ. ಐದರಲ್ಲಿ ಒಂದಕ್ಕೂ ಚಾಮರಾಜನಗರ ಕಾರಣವಲ್ಲ.

ಇನ್ನೊಂದು ಸಂಗತಿ ಗಮನಿಸಿ. ಕರ್ನಾಟಕದಲ್ಲಿ ಐದು ವರ್ಷದ ಅವಧಿ ಪೂರ್ತಿ ಮಾಡಿದ ಮುಖ್ಯಮಂತ್ರಿಗಳೇ ಅಪರೂಪ. ಅಂಥ ರಾಜ್ಯದಲ್ಲಿ ಮುಖ್ಯಮಂತ್ರಿ ಎಲ್ಲಿಗೆ ಹೋಗಿ ಬಂದರೂ, ಸ್ವಲ್ಪ ಕಾಲದಲ್ಲಿ ಕುರ್ಚಿ ಹೋಗುವ ಸಂಭವ ಇದ್ದೇ ಇರುತ್ತದೆ. ಅವರು ಹಾಸನಕ್ಕೂ ಹೋಗಿದ್ದರು, ಬೀದರಿಗೂ ಹೋಗಿದ್ದರು. ಆ ಊರುಗಳ ಹೆಸರು ಯಾರೂ ಹೇಳಲಿಲ್ಲ. ನಂಬಿಕೆಯ ಮನಸ್ಸು ಹೊಂದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಹೊಂದದ್ದನ್ನು ಮರೆಯುತ್ತದೆ.

ಮರೆತದ್ದು ಇಷ್ಟೇ ಅಲ್ಲ. ಊರಿಗೆ ಹೋಗದೆ ಉಳಿದವರ ಗತಿ ಏನಾಯಿತು? 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಿ ಅಲ್ಲ, ನೂರು ಕಿಲೋಮೀಟರಿಗೂ ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಆದರೂ 1999ರ ಚುನಾವಣೆಯಲ್ಲಿ ಅವರಿಗೆ ಸೋಲಾಯಿತು. ಆಮೇಲೆ ಬಂದವರಲ್ಲೂ ಹಲವರು ಆ ಊರಿಗೆ ಕಾಲಿಡಲಿಲ್ಲ. ಅವರ ಕುರ್ಚಿಯೂ ಹೋಯಿತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಅದೇ ವರ್ಷ ಚಾಮರಾಜನಗರಕ್ಕೆ ಹೋದರು. ಮತ್ತೆ ಮತ್ತೆ ಹೋದರು. 2018ರವರೆಗೆ ಪೂರ್ತಿ ಐದು ವರ್ಷ ಆಳಿದರು. ಅರಸು ಅವರ ಕಾಲದ ನಂತರ ಅವಧಿ ಪೂರೈಸಿದ ಮೊದಲಿಗರು ಅವರೇ.

ಬೆಲೆ ಯಾರದು ಎಂದು ಕೇಳಿದೆನಲ್ಲ. ಇಲ್ಲಿ ಬೆಲೆ ತೆತ್ತವರು ಆ ಊರಿನವರು. ಸೋಲಿಗರ ಹಾಡಿಗಳಿರುವ, ಕಾಡಂಚಿನ, ಬಡವರ ಜಿಲ್ಲೆ ಅದು. ಮುಖ್ಯಮಂತ್ರಿ ಬರುತ್ತಾರೆಂದರೆ ಆಡಳಿತ ಎಚ್ಚೆತ್ತುಕೊಳ್ಳುತ್ತದೆ, ಕಡತ ಓಡುತ್ತದೆ, ಅಹವಾಲು ಹಿಡಿದು ನಿಲ್ಲಲು ಜನಕ್ಕೆ ಒಂದು ಬಾಗಿಲು ಸಿಗುತ್ತದೆ. ಆ ಬಾಗಿಲನ್ನು ಒಂದು ಗಾಳಿಮಾತು ವರ್ಷಗಟ್ಟಲೆ ಮುಚ್ಚಿತ್ತು. ನಿಮ್ಮ ಊರೇ ಅಪಶಕುನ ಎಂದು ಕೇಳುತ್ತ ಬೆಳೆದ ಮಕ್ಕಳ ಮನಸ್ಸಿಗೆ ಏನಾಗಿರಬೇಕು, ಯೋಚಿಸಿ.

ಹಾವು ಆಯಿತು, ಊರು ಆಯಿತು. ಎರಡು ಕಡೆಯೂ ಒಬ್ಬರ ಅದೃಷ್ಟದ ಭಾರವನ್ನು ಇನ್ನೊಬ್ಬರು ಹೊತ್ತರು. ಈಗ ನಮ್ಮ ಮನೆಯೊಳಗೇ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಮದುವೆಯ ಮಾತುಕತೆ ನಡೆಯುವ ಮನೆ. ಹುಡುಗಿ ಓದಿದ್ದಾಳೆ, ಕೆಲಸದಲ್ಲಿದ್ದಾಳೆ. ಜಾತಕದ ಹಾಳೆಯನ್ನು ಎದುರಿನವರ ಕೈಗೆ ಕೊಡುತ್ತಾರೆ. ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ. ನಕ್ಷತ್ರ ಎಂಬ ಸಾಲಿನ ಮೇಲೆ ಬೆರಳು ನಿಲ್ಲುತ್ತದೆ. ಮೂಲಾ. ಕಾಫಿ ಮುಗಿಯುತ್ತದೆ. "ತಿಳಿಸುತ್ತೇವೆ" ಎಂದು ಎದ್ದು ಹೋಗುತ್ತಾರೆ. ಆ ತಿಳಿಸುತ್ತೇವೆ ಎಂಬುದರ ಅರ್ಥ ಹುಡುಗಿಯ ತಂದೆಗೆ ಚೆನ್ನಾಗಿ ಗೊತ್ತು.

ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗುವುದಿಲ್ಲ ಎಂಬ ನಂಬಿಕೆ. ಆಶ್ಲೇಷಾ ಆದರೆ ಅತ್ತೆಗೆ. ಜ್ಯೇಷ್ಠಾ ಆದರೆ ಭಾವನಿಗೆ. ವಿಶಾಖಾ ಆದರೆ ಮೈದುನನಿಗೆ. ನಾಲ್ಕು ನಕ್ಷತ್ರ, ನಾಲ್ಕು ಆಪಾದನೆ. ಮನೆಗೆ ಬರುವ ಮುನ್ನವೇ ಹುಡುಗಿಯ ಮೇಲೆ ಸಾವಿನ ಆಪಾದನೆ. ಅದೇ ಮೂಲಾದಲ್ಲಿ ಹುಟ್ಟಿದ ಗಂಡುಹುಡುಗನಿಗೆ ರಾಜಯೋಗವಿದೆ ಎಂದು ಹೇಳುವವರೂ ಇದ್ದಾರೆ.

ಮೂಲಾ ಎಂದರೆ ಏನು? ಜೂನ್, ಜುಲೈ ತಿಂಗಳ ರಾತ್ರಿ ಮೋಡವಿಲ್ಲದಾಗ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಚೇಳಿನ ಆಕಾರದ ನಕ್ಷತ್ರಗಳ ಗುಂಪು ಕಾಣುತ್ತದೆ. ನಡುವೆ ಕೆಂಪಾಗಿ ಹೊಳೆಯುವುದು ಜ್ಯೇಷ್ಠಾ. ಕೊನೆಗೆ ಬಾಲ ಕೊಕ್ಕೆಯಂತೆ ಬಾಗಿದೆ. ಆ ಕೊಂಡಿಯೇ ಮೂಲಾ. ಅಲ್ಲಿನ ಪ್ರಕಾಶದ ನಕ್ಷತ್ರ ನಮ್ಮಿಂದ 500 ಜ್ಯೋತಿರ್ವರ್ಷಗಳಿಗೂ ದೂರ. ಈ ರಾತ್ರಿ ನಿಮ್ಮ ಕಣ್ಣಿಗೆ ಬೀಳುವುದು ವಿಜಯನಗರದ ಕಾಲದಲ್ಲಿ ಅಲ್ಲಿಂದ ಹೊರಟ ಬೆಳಕು. ಚಂದ್ರ ಸುಮಾರು 27 ದಿನಕ್ಕೊಮ್ಮೆ ಆಕಾಶವನ್ನು ಸುತ್ತಿ ಬರುತ್ತಾನೆ. ಆ ದಾರಿಯನ್ನು ನಮ್ಮ ಹಿರಿಯರು 27 ಪಾಲು ಮಾಡಿದರು. ದಿನಕ್ಕೊಂದು ನಕ್ಷತ್ರ. ಕಾಲ ಅಳೆಯಲು ಅದೊಂದು ಜಾಣ ಏರ್ಪಾಟು. ಇಂದಿಗೂ ನಮ್ಮ ರೈತರು ಸೂರ್ಯ ಇರುವ ನಕ್ಷತ್ರದ ಹೆಸರಿನಲ್ಲಿ ಮಳೆಯನ್ನು ಕರೆಯುತ್ತಾರೆ. ಭರಣಿ, ರೋಹಿಣಿ, ಆರಿದ್ರಾ. ಆ ವಿದ್ಯೆಗೆ ನಾನು ಕೈ ಮುಗಿಯುತ್ತೇನೆ.

ಈಗ ಲೆಕ್ಕ. ಕಾಗದ ಬೇಡ, ಮನಸ್ಸಿನಲ್ಲೇ ಮಾಡಬಹುದು. ಕರ್ನಾಟಕದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ. ಅವರಲ್ಲಿ ಸುಮಾರು ಅರ್ಧ, ಐದು ಲಕ್ಷ, ಹೆಣ್ಣು. 27ರಲ್ಲಿ ಒಂದು ಪಾಲು ಮೂಲಾ ಎಂದರೆ ವರ್ಷಕ್ಕೆ ಸುಮಾರು 18 ಸಾವಿರ ಹುಡುಗಿಯರು. ನಾಲ್ಕೂ ನಕ್ಷತ್ರ ಸೇರಿಸಿದರೆ ಏಳು ಹುಡುಗಿಯರಲ್ಲಿ ಒಬ್ಬಳು. ಇದರ ಮೇಲೆ ಕುಜದೋಷ ಬೇರೆ. ಜಾತಕದಲ್ಲಿ ಹನ್ನೆರಡು ಮನೆ. ಅವುಗಳಲ್ಲಿ ಐದಾರು ಮನೆಗಳ ಪೈಕಿ ಎಲ್ಲಿ ಕುಜನಿದ್ದರೂ ದೋಷ ಎನ್ನುತ್ತಾರೆ. ಅಂದರೆ ಹೆಚ್ಚುಕಡಿಮೆ ಅರ್ಧ ಊರಿಗೇ ದೋಷ! ಹುಟ್ಟಿದವರಲ್ಲಿ ಅರ್ಧದಷ್ಟು ಜನರಿಗೆ ಇರುವುದನ್ನು ದೋಷ ಎಂದು ಕರೆಯುವುದಾದರೂ ಹೇಗೆ?

ಇನ್ನು ಮಾವನ ಸಾವು. ಮಗನ ಮದುವೆಯ ಹೊತ್ತಿಗೆ ತಂದೆಗೆ ಅರವತ್ತರ ಆಸುಪಾಸು. ಆ ವಯಸ್ಸಿನ ನೂರು ಗಂಡಸರಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ತೀರಿಕೊಳ್ಳುವುದು ಸಾಮಾನ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ, ಹೃದಯದ ತೊಂದರೆ. ಸೊಸೆ ರೋಹಿಣಿಯಾದರೂ ಅಷ್ಟೇ, ಮೂಲಾ ಆದರೂ ಅಷ್ಟೇ. ರೋಹಿಣಿಯ ಸೊಸೆ ಬಂದ ವರ್ಷ ಮಾವ ಹೋದರೆ ಹೃದಯಾಘಾತ ಎನ್ನುತ್ತೇವೆ. ಮೂಲಾದ ಸೊಸೆ ಬಂದ ವರ್ಷ ಹೋದರೆ ಕಾಲ್ಗುಣ ಎನ್ನುತ್ತೇವೆ.

ನೆಂಟರ ಪೈಕಿ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮನೆಯ ಯಜಮಾನರು ತೀರಿಕೊಂಡಿದ್ದರು. ಸೊಸೆ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಕಾಫಿ ಸೋಸುತ್ತಿದ್ದಳು. ಮಾವನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವಳು ಅವಳೇ. ನಡುಮನೆಯಲ್ಲಿ ಹಿರಿಯ ಹೆಂಗಸೊಬ್ಬರು ಸಣ್ಣ ದನಿಯಲ್ಲಿ, ಆದರೆ ಅವಳಿಗೆ ಕೇಳುವಷ್ಟು ಜೋರಾಗಿ ಹೇಳಿದರು: "ಸೇರು ಒದ್ದು ಒಳಗೆ ಬಂದ ಗಳಿಗೆಯೇ ಸರಿಯಿರಲಿಲ್ಲ." ಅವಳ ಕೈಯಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವಳು ಏನೂ ಹೇಳಲಿಲ್ಲ. ಅಲ್ಲಿದ್ದ ಯಾರೂ ಏನೂ ಹೇಳಲಿಲ್ಲ. ದುಃಖದ ಮನೆಯಲ್ಲಿ ಅತ್ಯಂತ ಒಂಟಿಯಾಗಿದ್ದವಳು ಆಕೆ.

ಈ ನಂಬಿಕೆ ಹೆತ್ತವರಿಂದ ಏನೇನು ಮಾಡಿಸುತ್ತದೆ ಗೊತ್ತೆ? ಹುಟ್ಟಿದ ಹೊತ್ತನ್ನು ಹಿಂದೆ ಮುಂದೆ ಮಾಡಿ ನಕ್ಷತ್ರ ಬದಲಿಸುತ್ತಾರೆ. ಮಗಳ ಬಾಳು ಸುಳ್ಳಿನಿಂದ ಶುರುವಾಗುತ್ತದೆ. ಇನ್ನು ಕೆಲವರು "ಮಾವ ಇಲ್ಲದ ಮನೆ ಇದ್ದರೆ ಹೇಳಿ" ಎಂದು ಹುಡುಕುತ್ತಾರೆ. ಯಾರ ಮನೆಯಲ್ಲಿ ತಂದೆ ಸತ್ತಿದ್ದಾನೆ ಎಂದು ವಿಚಾರಿಸಿಕೊಂಡು ಹೋಗಬೇಕಾದ ಸ್ಥಿತಿ ಒಬ್ಬ ತಂದೆಗೆ ಬರುತ್ತದೆ. ಇದಕ್ಕಿಂತ ಕ್ರೂರವಾದದ್ದು ನನಗೆ ತೋಚುತ್ತಿಲ್ಲ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಹಾವಿನ ಕತೆ, ಊರಿನ ಕತೆ, ಸೊಸೆಯ ಕತೆ. ಇದೇ ಸಾಲಿನಲ್ಲಿ ಇನ್ನೊಬ್ಬರಿದ್ದಾರೆ. ಗಂಡನನ್ನು ಕಳೆದುಕೊಂಡ ಹೆಂಗಸು. ಹೊರಡುವಾಗ ಎದುರಾದರೆ ಅಪಶಕುನ ಎಂದು ವಾಪಸು ಬರುವವರಿದ್ದಾರೆ. ಹೆತ್ತ ಮಗಳ ಧಾರೆಯ ಹೊತ್ತಿನಲ್ಲಿ ಆಕೆ ಕಂಬದ ಮರೆಯಲ್ಲಿ ನಿಲ್ಲುತ್ತಾಳೆ. ಒಂದು ಸಾವು ಆಗಲೇ ಆಕೆಯಿಂದ ಎಲ್ಲವನ್ನೂ ಕಿತ್ತುಕೊಂಡಿರುತ್ತದೆ. ಉಳಿದ ಬೆಲೆಯನ್ನು ನಾವು ವಸೂಲು ಮಾಡುತ್ತೇವೆ.

ಇದು ಬದಲಾಗದ ಸಂಗತಿಯೇನಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕ್ಷೇತ್ರ. ಅಲ್ಲಿ 2012ರ ನವರಾತ್ರಿಯಲ್ಲಿ ವಿಧವೆಯರು ತೇರು ಎಳೆದರು. ಮರುವರ್ಷ ಇಬ್ಬರು ವಿಧವೆಯರು ಅರ್ಚಕರಾಗಿ ಗರ್ಭಗುಡಿಯಲ್ಲಿ ಆರತಿ ಎತ್ತಿದರು. ಭಕ್ತರು ಅವರ ಕೈಯಿಂದಲೇ ತೀರ್ಥ ತೆಗೆದುಕೊಂಡರು. ಅಪಶಕುನ ಎಂದ ಮುಖವೇ ದೇವರ ಮುಂದೆ ನಿಂತಿತ್ತು. ದೇವಸ್ಥಾನ ಇಂದಿಗೂ ತುಂಬಿ ತುಳುಕುತ್ತಿದೆ.

ಮದುವೆಯ ವಿಷಯದಲ್ಲೂ ದಾರಿ ಇದೆ. ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿದರು. ರಾಹುಕಾಲ, ಗುಳಿಕಕಾಲ, ಮುಹೂರ್ತ ಯಾವುದರ ಗೊಡವೆಯೂ ಇಲ್ಲದ ಸರಳ ಮದುವೆ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿಸಿದರು. ಅಂದಿನಿಂದ ಎಷ್ಟೋ ಜೋಡಿಗಳು ಆ ರೀತಿ ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದಾರೆ. ಅವರ ಮಾವಂದಿರು, ಅತ್ತೆಯರು ಉಳಿದವರ ಹಾಗೆಯೇ ಬದುಕಿದರು, ಉಳಿದವರ ಹಾಗೆಯೇ ವಯಸ್ಸಾಗಿ ಹೋದರು. ಎಲ್ಲರೂ ಮಂತ್ರಮಾಂಗಲ್ಯಕ್ಕೇ ಬನ್ನಿ ಎಂದು ನಾನು ಒತ್ತಾಯಿಸುವುದಿಲ್ಲ. ಮುಹೂರ್ತ ಬೇಕೆನ್ನುವವರು ಮುಹೂರ್ತ ನೋಡಲಿ. ನಕ್ಷತ್ರದ ಹೆಸರಿನಲ್ಲಿ ಹುಡುಗಿಯನ್ನು ತಿರಸ್ಕರಿಸುವುದು ಮಾತ್ರ ಬೇಡ.

ಇನ್ನು ಕಾನೂನು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ಮೈಗೆ ನೋವು ಮಾಡುವ, ಮರ್ಯಾದೆ ಕಳೆಯುವ ಹಲವು ಆಚರಣೆಗಳು ಅದರಡಿ ಅಪರಾಧ. ಜ್ಯೋತಿಷ್ಯವನ್ನು ಅದು ನಿಷೇಧಿಸಿಲ್ಲ. ಅಡುಗೆಮನೆಯಲ್ಲಿ ಕಾಫಿ ಸೋಸುವವಳ ಕಿವಿಗೆ ಬೀಳುವ ಮಾತನ್ನು ತಡೆಯುವ ಕೆಲಸ ಪೊಲೀಸರಿಂದ ಆಗುವಂಥದ್ದಲ್ಲ. ಅದು ಅದೇ ನಡುಮನೆಯಲ್ಲಿ ಕೂತವರಿಂದಲೇ ಆಗಬೇಕು.

ಆದ್ದರಿಂದ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ, ಯಾರಾದರೂ ಕಾಲ್ಗುಣದ ಮಾತೆತ್ತಿದರೆ ಸುಮ್ಮನಿರಬೇಡಿ. ಜಗಳ ಬೇಡ. "ಅವರಿಗೆ ಕಾಯಿಲೆ ಇತ್ತು, ಅದರಿಂದ ಹೋದರು" ಎಂದು ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿ. ವಯಸ್ಸಾದವರು ಹೇಳಿದರೆ ಇನ್ನೂ ಒಳ್ಳೆಯದು. ಮಗನಿಗೆ ಹೆಣ್ಣು ನೋಡುತ್ತಿರುವ ತಂದೆಯರು ಇದನ್ನು ಕೇಳುತ್ತಿದ್ದರೆ, ಮೂಲಾ ನಕ್ಷತ್ರ ಎಂದು ಬೆರಳು ನಿಂತಾಗ "ನನಗೇನೂ ಭಯವಿಲ್ಲ" ಎಂದು ನೀವೇ ಮೊದಲು ಹೇಳಿ. ಆ ಮಾತು ಹೇಳುವ ಹಕ್ಕು ನಿಮಗಿಂತ ಹೆಚ್ಚಾಗಿ ಯಾರಿಗೂ ಇಲ್ಲ. ಮಗಳ ಮದುವೆಯಲ್ಲಿ ವಿಧವೆ ತಾಯಿಯನ್ನು ಕಂಬದ ಮರೆಯಿಂದ ಕೈಹಿಡಿದು ಕರೆತಂದು ಹಸೆಯ ಹತ್ತಿರ ನಿಲ್ಲಿಸಿ.

ಕಾಲ್ಗುಣದ ಹೆಸರಿನಲ್ಲಿ ಹಿಂಸೆ ಅನುಭವಿಸುತ್ತಿರುವ ಹೆಣ್ಣುಮಕ್ಕಳು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಕೊನೆಯ ಮಾತು. ಗಂಡನ ಮನೆಯವರು ಮೈಗಾಗಲಿ ಮನಸ್ಸಿಗಾಗಲಿ ಕೊಡುವ ಹಿಂಸೆ ನಮ್ಮ ದೇಶದ ಕಾನೂನಿನಲ್ಲಿ ಅಪರಾಧ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಒಂದು, ಎಂಟು, ಒಂದು. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.